ರಜೆಯ ಅರ್ಧ ಪಾಲು ಮಗುವಿನ ತಂದೆಯದು

ಸ್ವೀಡನ್ನಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಈಗ ಮಗುವಾದರೆ ಕೆಲಸ ಉಳಿಯುವುದೇ, ವೃತ್ತಿಯಲ್ಲಿ ಹಿಂದೆ ಬೀಳುವೆನೇ ಎಂದು ನೀವು ಕೇಳಿದ್ದೀರಿ. ಇಬ್ಬರು ಮಕ್ಕಳನ್ನು ಇಲ್ಲಿಯೇ ಹೆತ್ತು ಬೆಳೆಸಿದವಳಾಗಿ ಹೇಳುತ್ತೇನೆ: ಕೆಲಸ ಉಳಿಯುತ್ತದೆ. ಹಿಂದೆ ಬೀಳುವ ಮಾತು ಮಾತ್ರ ಕಾನೂನಿಗಿಂತ ಹೆಚ್ಚಾಗಿ ನಿಮ್ಮ ಮನೆಯಲ್ಲಿ ಆಗುವ ತೀರ್ಮಾನಕ್ಕೆ ಸೇರಿದ್ದು.

ಇಲ್ಲಿ 1974ರಲ್ಲಿಯೇ ಹೆರಿಗೆ ರಜೆಯ ಜಾಗದಲ್ಲಿ ತಂದೆತಾಯಿ ಇಬ್ಬರಿಗೂ ಸಲ್ಲುವ ಪೋಷಕರ ರಜೆ ಬಂದಿತು. ಈಗ ಪ್ರತಿ ಮಗುವಿಗೆ 480 ದಿನಗಳ ಭತ್ಯೆ ಇದ್ದು, ಅದು ಇಬ್ಬರಿಗೂ 240ರಂತೆ ಹಂಚಿಕೆಯಾಗುತ್ತದೆ. ಇದರಲ್ಲಿ 390 ದಿನಗಳಿಗೆ, ಒಂದು ಮಿತಿಯವರೆಗೆ, ಸಂಬಳದ ಶೇಕಡ 80ಕ್ಕೆ ಸ್ವಲ್ಪ ಕಡಿಮೆ ಹಣ ಬರುತ್ತದೆ. ಉಳಿದ 90 ದಿನಗಳಿಗೆ ದಿನಕ್ಕೆ 180 ಕ್ರೋನಾ ಮಾತ್ರ. ಈ ಹಣ ಕೊಡುವುದು ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಯೇ ಹೊರತು ನಿಮ್ಮ ಕಂಪನಿಯಲ್ಲ ಎಂಬುದನ್ನು ಗಮನಿಸಿ. ಭಾರತದ ಕಾನೂನಿನಲ್ಲಿ 26 ವಾರಗಳ ಹೆರಿಗೆ ರಜೆಯ ಸಂಬಳ ಬಹುಮಟ್ಟಿಗೆ ಉದ್ಯೋಗದಾತರ ಮೇಲೆಯೇ ಬೀಳುವುದರಿಂದ ಹೆಣ್ಣುಮಕ್ಕಳನ್ನು ನೇಮಿಸಿಕೊಳ್ಳಲು ಹಿಂಜರಿಯುವುದಕ್ಕೆ ಒಂದು ಕಾರಣ ಹುಟ್ಟುತ್ತದೆ. ಆ ಕಾರಣ ಇಲ್ಲಿ ಅಷ್ಟರಮಟ್ಟಿಗೆ ಇಲ್ಲ.

ನಿಮಗೆ ತುರ್ತಾಗಿ ಬೇಕಾದ ಮಾತು ಇದು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮೊದಲು ಸತತವಾಗಿ 240 ದಿನ ಇಲ್ಲಿ ಉದ್ಯೋಗದ ಆದಾಯವಿರಬೇಕು. ಇಲ್ಲವಾದರೆ ಮೊದಲ 180 ದಿನಗಳಿಗೆ ಸಂಬಳದ ಲೆಕ್ಕವಿಲ್ಲದೆ ದಿನಕ್ಕೆ 250 ಕ್ರೋನಾ ಅಷ್ಟೇ ದೊರೆಯುತ್ತದೆ. ಹಾಗಾಗಿ ಕೆಲಸಕ್ಕೆ ಸೇರಿದ ದಿನಾಂಕದಿಂದ ಲೆಕ್ಕ ಹಾಕಿಕೊಳ್ಳಿ.

ನನ್ನ ಮೊದಲ ಮಗುವಿನ ಕಾಲಕ್ಕೆ ತಂದೆಗೇ ಮೀಸಲಾಗಿ, ತಾಯಿಗೆ ಬಿಟ್ಟುಕೊಡಲಾಗದಂತೆ ಇದ್ದುದು 60 ದಿನ. ನನ್ನ ಪತಿ ಅಷ್ಟನ್ನೇ ಪಡೆದರು, ಉಳಿದುದನ್ನೆಲ್ಲ ನಾನೇ ತೆಗೆದುಕೊಂಡೆ. ಅವರ ಸಂಬಳ ಹೆಚ್ಚಿದ್ದುದರಿಂದ ಅದೇ ಲಾಭವೆಂದು ಇಬ್ಬರಿಗೂ ತೋರಿತ್ತು. ಮರಳಿ ಹೋದಾಗ ನನ್ನ ಹುದ್ದೆ ಇತ್ತು, ಆದರೆ ನಾನು ಕಟ್ಟಿದ್ದ ಕೆಲಸ ಬೇರೆಯವರ ಕೈಸೇರಿತ್ತು. ಅದಕ್ಕಿಂತ ನೋವಾದದ್ದು ಮನೆಯಲ್ಲಿ: ಮಗುವಿಗೆ ಜ್ವರ ಬಂದರೆ ಏನು ಮಾಡಬೇಕೆಂದು ನನಗೆ ಮಾತ್ರ ಗೊತ್ತಿತ್ತು, ಆದ್ದರಿಂದ ರಜೆ ಹಾಕುವವಳೂ ನಾನೇ ಆದೆ. ಎರಡನೆಯ ಮಗುವಿಗೆ ರಜೆಯನ್ನು ಸರಿಸಮವಾಗಿ ಹಂಚಿಕೊಂಡೆವು. ಹಲವು ತಿಂಗಳು ಒಬ್ಬರೇ ಮಗುವನ್ನು ನೋಡಿಕೊಂಡ ಮೇಲೆ ಮನೆಯ ಅರ್ಧ ಹೊಣೆ ಅವರ ಪಾಲಿಗೆ ತಾನಾಗಿಯೇ ಬಂದಿತು, ಮತ್ತೆ ನನ್ನ ಮೇಲೆ ಬೀಳಲಿಲ್ಲ. ಈಗ ಇಬ್ಬರಿಗೂ ತಲಾ 90 ದಿನ ಮೀಸಲಿದೆ. ಪಡೆಯದಿದ್ದರೆ ಅವು ಸಂಗಾತಿಗೆ ದಾಟುವುದಿಲ್ಲ, ನಷ್ಟವಾಗುತ್ತವೆ. ಇಷ್ಟಿದ್ದರೂ ತಂದೆಯರು ಪಡೆಯುವುದು ಒಟ್ಟು ದಿನಗಳಲ್ಲಿ ಸುಮಾರು ಶೇಕಡ 30 ಮಾತ್ರ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಒಂದು ವರ್ಷ ತುಂಬಿದ ಮಗುವಿಗೆ ಶಿಶುಶಾಲೆ ಸಿಗುತ್ತದೆ. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ನಗರಸಭೆ ಸ್ಥಳ ಕೊಡಬೇಕು, ಶುಲ್ಕಕ್ಕೂ ಮಿತಿಯಿದೆ. ಕಾಯಿಲೆ ಬಿದ್ದ ಮಗುವಿಗಾಗಿ ಮನೆಯಲ್ಲಿ ಉಳಿಯಲು ‘ವಾಬ್’ ಎಂಬ ಬೇರೆ ಭತ್ಯೆಯಿದ್ದು, ಅದನ್ನು ತಂದೆಯೂ ಪಡೆಯಬಹುದು. ಮಗುವಿಗೆ ಎಂಟು ವರ್ಷವಾಗುವವರೆಗೆ ಕೆಲಸದ ಅವಧಿಯನ್ನು ಕಾಲುಭಾಗ ಇಳಿಸಿಕೊಳ್ಳುವ ಹಕ್ಕೂ ಇದೆ. ಈ ಹಕ್ಕನ್ನು ಯೋಚಿಸಿ ಬಳಸಿ. ಇಲ್ಲಿನ ಪಿಂಚಣಿ ಜೀವಮಾನದ ದುಡಿಮೆಯ ಮೇಲೆ ನಿಲ್ಲುತ್ತದೆ; ಮಗುವಿನ ಮೊದಲ ನಾಲ್ಕು ವರ್ಷಗಳಿಗೆ ಸರ್ಕಾರ ಒಂದಿಷ್ಟು ಸರಿದೂಗಿಸುತ್ತದೆ, ಅನಂತರ ಕಡಿಮೆ ದುಡಿದ ಪ್ರತಿ ವರ್ಷದ ಕೊರತೆ ನಿಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ.

ರಜೆಯ ವಿಚಾರವನ್ನು ಉದ್ಯೋಗದಾತರಿಗೆ ಎರಡು ತಿಂಗಳು ಮೊದಲೇ ತಿಳಿಸಬೇಕು. ಅದಕ್ಕೂ ಮುನ್ನ ಪತಿಯೊಡನೆ ಕುಳಿತು, ಯಾರು ಯಾವ ತಿಂಗಳು ಮನೆಯಲ್ಲಿರುವಿರೆಂದು ಬರೆದಿಟ್ಟುಕೊಳ್ಳಿ. ನೀವು ತಿಳಿಸುವಾಗಲೇ ಅವರೂ ತಮ್ಮ ಕಚೇರಿಯಲ್ಲಿ ತಮ್ಮ ತಿಂಗಳುಗಳನ್ನು ತಿಳಿಸಲಿ.