ಓಕೆ ಹುಟ್ಟಿದ್ದು ರಣರಂಗದಲ್ಲಿ ಅಲ್ಲ

ಪತ್ರ: ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ಸೈನಿಕರು ಹಲಗೆ ಮೇಲೆ 'ಝೀರೋ ಕಿಲ್ಡ್' ಅನ್ನಲು ಸೊನ್ನೆ ಮತ್ತು ಕೆ ಅಂತ ಗುರುತು ಹಾಕುತ್ತಿದ್ದರಂತೆ. ಓಕೆ ಅನ್ನುವ ಪದ ಬಂದದ್ದೇ ಅದರಿಂದಂತೆ. ಇದನ್ನು ಪ್ರಕಟಿಸಿ. ಹಾಗೇ, ಇಂಗ್ಲಿಷಿನಲ್ಲಿ ಅದನ್ನು ಎರಡಕ್ಷರದಲ್ಲಿ ಬರೆಯಬೇಕಾ, ನಾಲ್ಕರಲ್ಲಾ?

ಉತ್ತರ: ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಆದರೆ ಆ ಯುದ್ಧ ಶುರುವಾದದ್ದು 1861ರಲ್ಲಿ. ಓಕೆ ಅದಕ್ಕೂ 22 ವರ್ಷ ಮೊದಲೇ ಅಚ್ಚಾಗಿತ್ತು!

ದಿನಾಂಕವೂ ಗೊತ್ತು: 1839ರ ಮಾರ್ಚ್ 23. ಪತ್ರಿಕೆ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'. ಆ್ಯಂಟಿ ಬೆಲ್ ರಿಂಗಿಂಗ್ ಸೊಸೈಟಿ ಅನ್ನುವ ಸಂಘದವರ ಪ್ರಯಾಣದ ಬಗ್ಗೆ ಒಂದು ತಮಾಷೆಯ ತುಣುಕು. ಅದರ ನಡುವೆ ಓ.ಕೆ. ಅಂತ ಬರೆದು, ಪಕ್ಕದಲ್ಲೇ 'ಆಲ್ ಕರೆಕ್ಟ್' ಅಂತ ಅರ್ಥ ಕೊಟ್ಟಿದ್ದಾರೆ. ಆಗ ಅಲ್ಲಿನ ಪತ್ರಿಕೆಯವರಿಗೆ ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಮೊದಲಕ್ಷರ ಮಾತ್ರ ಬರೆಯುವ ಹುಚ್ಚು ಹಿಡಿದಿತ್ತು. 'ಆಲ್ ಕರೆಕ್ಟ್'ಗೆ ಎ, ಸಿ ಬರಬೇಕು ತಾನೆ? ಅವರು 'ಓಲ್ ಕೊರೆಕ್ಟ್' ಮಾಡಿ ಓ, ಕೆ ಹಾಕಿದರು. 'ಆಲ್ ರೈಟ್' ಕೂಡ ಹೀಗೇ, ರೈಟ್‌ನ ಮುಂದೆ ಡಬ್ಲ್ಯೂ ಸೇರಿಸಿ, ಓ.ಡಬ್ಲ್ಯೂ. ಆಗಿತ್ತು. ಅದು ಸತ್ತುಹೋಯಿತು, ಓಕೆ ಉಳಿಯಿತು.

ಉಳಿಯಲು ಚುನಾವಣೆಯೂ ಒಂದು ಕಾರಣ. 1840ರಲ್ಲಿ ಮತ್ತೆ ಅಧ್ಯಕ್ಷರಾಗಲು ನಿಂತಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ಕಿಂಡರ್‌ಹುಕ್. ಬೆಂಬಲಿಗರು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಅಂತ ಕರೆದು ಓಕೆ ಕ್ಲಬ್ ಕಟ್ಟಿದರು. ವ್ಯಾನ್ ಬ್ಯೂರೆನ್ ಸೋತರು, ಪದ ಮಾತ್ರ ಊರೂರಿಗೆ ಹರಡಿತು.

ಇಷ್ಟನ್ನೆಲ್ಲ ಹುಡುಕಿ ಕೊಟ್ಟವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆ್ಯಲನ್ ವಾಕರ್ ರೀಡ್. 1963 ಮತ್ತು 64ರಲ್ಲಿ ಸಾಲಾಗಿ ಲೇಖನ ಬರೆದು, ಒಂದೊಂದು ಮಾತಿಗೂ ಹಳೆ ಪತ್ರಿಕೆಯ ಸಾಲನ್ನೇ ಮುಂದಿಟ್ಟರು. ನನಗೆ ಇಂಥವರ ಮೇಲೆ ತುಂಬ ಗೌರವ. ಧೂಳು ಹಿಡಿದ ಹಾಳೆಗಳನ್ನು ತಿರುವುತ್ತಾ ಕೂರುವುದು ಸುಮ್ನೆ ಮಾತಲ್ಲ.

ನೀವು ಬೇಜಾರು ಮಾಡಿಕೊಳ್ಳಬೇಡಿ. ಅಧ್ಯಕ್ಷ ವುಡ್ರೋ ವಿಲ್ಸನ್ ಅವರೇ ಇದು ಅಮೆರಿಕದ ಮೂಲನಿವಾಸಿಗಳಾದ ಚೊಕ್ಟಾ ಜನರ ಮಾತು ಅಂತ ನಂಬಿ, ಕಡತಗಳ ಮೇಲೆ ಆ ಸ್ಪೆಲಿಂಗಿನಲ್ಲೇ ಬರೆಯುತ್ತಿದ್ದರು. ಗ್ರೀಕ್ ಮೂಲ ಹೇಳುವವರೂ ಇದ್ದಾರೆ. ಆದರೆ ನಿಮ್ಮಂಥ ಆಸಕ್ತಿ ಇರುವವರು 'ಅಂತೆ'ಗೆ ನಿಲ್ಲಬಾರದು. ಎಲ್ಲಿ ಅಚ್ಚಾಗಿತ್ತು, ಯಾವಾಗ ಅಂತ ಒಂದು ಸಲ ಕೇಳಬೇಕಿತ್ತು, ಅಲ್ವಾ?

ಈಗ ಕಾಣುತ್ತಿರುವುದೇ ಬೇರೆ. ಪದಗಳ ಹುಟ್ಟಿನ ಬಗ್ಗೆ ದಿನಕ್ಕೊಂದು ಸಂದೇಶ ಬರುತ್ತದೆ, ಜನ ಹಾಗೇ ಮುಂದೆ ತಳ್ಳುತ್ತಾರೆ. ಸರಿಯಾದ ಉತ್ತರ ಓದುವಷ್ಟು ತಾಳ್ಮೆ ಯಾರಿಗೂ ಇಲ್ಲ. ಅದಕ್ಕಿಂತ ಜಾಸ್ತಿ ಸಂಕಟದ ವಿಷಯ ಅಂದರೆ, ಗ್ರಂಥಾಲಯಗಳು ಜಾಗವಿಲ್ಲ ಅಂತ ಹಳೆ ಪತ್ರಿಕೆಗಳ ಕಟ್ಟುಗಳನ್ನು ರದ್ದಿಗೆ ಹಾಕುತ್ತಿವೆ. ಬಾಸ್ಟನ್ನಿನ ಆ ಒಂದು ಹಾಳೆ ಹೀಗೆ ಹೋಗಿದ್ದರೆ, ನಿಮಗೆ ಏನು ಉತ್ತರ ಕೊಡುತ್ತಿದ್ದೆ? ಕಥೆ ಯಾರು ಬೇಕಾದರೂ ಕಟ್ಟಬಹುದು. ಹೋದ ಹಾಳೆಯನ್ನು ಎಲ್ಲಿಂದ ತರುವುದು?

ಇನ್ನು ಸ್ಪೆಲಿಂಗ್. ಎರಡಕ್ಷರದ್ದು ಹಳೆಯದು, ನಾಲ್ಕಕ್ಷರದ್ದು ಆಮೇಲೆ ಬಂದದ್ದು. ಎರಡೂ ಸರಿ. ಒಂದು ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

– ಸಂಪಾದಕ