ಕೊತ್ತಂಬರಿ ಹೂವಿನ ಮೇಲೆ ಕೂತವರು ಯಾರು?

ಪ್ರಶ್ನೆ: ನಮ್ಮ ಹಿತ್ತಲಿನ ಕೊತ್ತಂಬರಿ ಹೂವಿಗೆ ಬರುವ, ಹಳದಿ-ಕಪ್ಪು ಪಟ್ಟೆಗಳ ಪುಟ್ಟ ಕೀಟದ ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ಜೇನುನೊಣವೆಂದುಕೊಂಡಿದ್ದೆ, ಮೊಬೈಲ್ ಆ್ಯಪ್ ಒಂದೊಂದು ಚಿತ್ರಕ್ಕೆ ಒಂದೊಂದು ನೊಣದ ಹೆಸರು ಹೇಳುತ್ತಿದೆ. ಚಿತ್ರ ನೋಡಿ ಪ್ರಭೇದವನ್ನು ಗುರುತಿಸಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಇದು ಜೇನಿನ ವೇಷ ತೊಟ್ಟ ನೊಣ. ಜೇನುಹುಳಕ್ಕೆ ನಾಲ್ಕು ರೆಕ್ಕೆಗಳಿದ್ದರೆ ನೊಣಕ್ಕೆ ಎರಡೇ. ಹಿಂದಿನ ಜೋಡಿ ಕುಗ್ಗಿ, ಹಾರುವಾಗ ಸಮತೋಲ ಕಾಯುವ, ಗುಂಡುಸೂಜಿಯ ತಲೆಯಂತಹ ಗುಬುಟುಗಳಾಗಿರುತ್ತವೆ. ನಿಮ್ಮ ಎರಡನೆಯ ಚಿತ್ರವನ್ನು ಹಿಗ್ಗಿಸಿದರೆ ರೆಕ್ಕೆಯ ಬುಡದ ಹಿಂದೆ ಅದು ತಿಳಿಹಳದಿ ಚುಕ್ಕೆಯಾಗಿ ಕಾಣುತ್ತದೆ. ರೆಕ್ಕೆಯ ನಡುವೆ ಸಣ್ಣ ಮಡಿಕೆಯಂತೆ ಹಾದು, ಎರಡೂ ತುದಿಯಲ್ಲಿ ಯಾವ ನರಕ್ಕೂ ಸೇರದೆ ಮುಗಿಯುವ ಹುಸಿನರವೊಂದಿದೆ. ಹೂವಿನೆದುರು ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಸಿರ್ಫಿಡ್ ಕುಟುಂಬದ ಹೆಗ್ಗುರುತು ಅದೇ. ಕಣ್ಣುಗಳೆರಡೂ ನೆತ್ತಿಯಲ್ಲಿ ಕೂಡಿರುವುದರಿಂದ ನಿಮ್ಮದು ಗಂಡು. ಹೊಟ್ಟೆಯ ಕಿತ್ತಳೆ ಭಾಗದಲ್ಲಿ ದಪ್ಪ ಕಪ್ಪು ಪಟ್ಟೆಯ ಜೊತೆಗೆ ಚಿಗುರು ಮೀಸೆಯಂತಹ ತೆಳು ಗೆರೆಯೂ ಇರುವುದನ್ನು ಕಂಡರೆ ಎಪಿಸಿರ್ಫಸ್ ಕುಲದ್ದೆಂದು ನಂಬಬಹುದು. 1776ರಲ್ಲಿ ಸ್ವೀಡನ್ನಿನ ಕೀಟವಿಜ್ಞಾನಿ ಡಿ ಗೀರ್ ವಿವರಿಸಿದ ಎಪಿಸಿರ್ಫಸ್ ಬಾಲ್ಟಿಯೇಟಸ್ ಈ ಕುಲದ ಪ್ರಸಿದ್ಧ ಪ್ರಭೇದವಾದರೂ, ಅದನ್ನೇ ಹೋಲುವ ಹತ್ತಿರದ ಬಂಧುಗಳಿರುವುದರಿಂದ ಈ ಮೂರು ಚಿತ್ರಗಳ ಆಧಾರದಲ್ಲಿ ನಾನು ಕುಲದ ಹೆಸರಿಗೇ ನಿಲ್ಲುತ್ತೇನೆ. ಅಂದಹಾಗೆ, ಇದರ ಮರಿಹುಳುಗಳು ಗಿಡಹೇನುಗಳನ್ನು ತಿನ್ನುತ್ತವೆ. ದಯವಿಟ್ಟು ಆ ಗಿಡಗಳಿಗೆ ಕೀಟನಾಶಕ ಸಿಂಪಡಿಸಬೇಡಿ.

ಎಲ್ಲ ನೊಣಗಳೂ ಇಷ್ಟು ಉದಾರವಾಗಿ ಗುರುತು ಬಿಟ್ಟುಕೊಡುವುದಿಲ್ಲ. ಬೆನ್ನಿನ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆಯ ಮೇಲೆ ಚದುರಂಗದ ಮನೆಗಳಂತಹ ಬೂದು-ಕಪ್ಪು ಚೌಕಗಳಿರುವ ಮಾಂಸದ ನೊಣವನ್ನು, ಬೆನ್ನಿನಲ್ಲಿ ನಾಲ್ಕು ಗೆರೆಗಳಿರುವ ಮನೆನೊಣದಿಂದ ಸುಲಭವಾಗಿ ಬೇರ್ಪಡಿಸಬಹುದು; ಆದರೆ ಅದರ ಪ್ರಭೇದವನ್ನು ಹೇಳಲು ಸಾಮಾನ್ಯವಾಗಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಅಲ್ಲಿ ಆ್ಯಪ್ ಎಷ್ಟೇ ಧೈರ್ಯದಿಂದ ಪ್ರಭೇದದ ಹೆಸರು ಕೊಟ್ಟರೂ ಒಪ್ಪಬೇಡಿ. ಕುಟುಂಬದ ಹೆಸರನ್ನಷ್ಟೇ ಬರೆದಿಟ್ಟ ದಾಖಲೆಯನ್ನು ಮುಂದೆ ತಜ್ಞರು ತಿದ್ದಿ ಬೆಳೆಸಬಲ್ಲರು, ತಪ್ಪು ಹೆಸರು ಮಾತ್ರ ಎಲ್ಲರ ದಾರಿ ತಪ್ಪಿಸುತ್ತದೆ.

ನಿಮ್ಮ ಮೂರೂ ಚಿತ್ರಗಳು ಹೆಚ್ಚುಕಡಿಮೆ ಒಂದೇ ಕೋನದವು. ಬೆಳಗಿನ ತಂಪಿನಲ್ಲಿ ನೊಣಗಳು ಅಷ್ಟಾಗಿ ಹಾರುವುದಿಲ್ಲವಾದ್ದರಿಂದ, ಆ ಹೊತ್ತಿಗೆ ಹೋಗಿ ಅದೇ ನೊಣದ ಮುಖ, ಪಕ್ಕ, ಬೆನ್ನು ಮತ್ತು ಬಿಚ್ಚಿದ ರೆಕ್ಕೆಯನ್ನು ಬೇರೆಬೇರೆಯಾಗಿ ತೆಗೆದು, ದಿನಾಂಕ ಮತ್ತು ಗಿಡದ ಹೆಸರಿನೊಂದಿಗೆ ಕಳುಹಿಸಿ.