ಮಗಳ ಮದುವೆಯ ಬೆಳ್ಳಿಯನ್ನು ಈಗ ಕೊಳ್ಳಬೇಕೇ, ಕಾಯಬೇಕೇ?

ಕುಮಟಾದಿಂದ ನೀವು ಕೇಳಿರುವುದು ಇಷ್ಟು: ಮಗಳ ಮದುವೆಗೆ ಕಾಲ್ಗೆಜ್ಜೆ, ಕಾಲುಂಗುರ ಮತ್ತು ಒಂದು ಹರಿವಾಣ ಬೇಕು, ದರ ನೋಡಿದರೆ ಎದೆ ನಡುಗುತ್ತದೆ, ಈಗಲೇ ಕೊಳ್ಳಬೇಕೇ, ಇಳಿಯುವವರೆಗೆ ಕಾಯಬೇಕೇ, ಅಥವಾ ಮನೆಯ ಹಳೆಯ ಬೆಳ್ಳಿಯನ್ನು ಕರಗಿಸಿ ಮಾಡಿಸಬಹುದೇ? ಜೊತೆಗೆ, ಈ ದರದಲ್ಲಿ ಬೆಳ್ಳಿ ಕೆಲಸ ಮಾಡುವವರ ಸ್ಥಿತಿ ಹೇಗಿದೆ? ಶಿರಸಿಯಲ್ಲಿ ನಮ್ಮದು ಅಪ್ಪನ ಕಾಲದಿಂದ ನಡೆದುಬಂದ ಚಿಕ್ಕ ಬೆಳ್ಳಿ ಕೆಲಸದ ಅಂಗಡಿ. ಕುಲುಮೆಯ ಮುಂದೆಯೂ ತಕ್ಕಡಿಯ ಮುಂದೆಯೂ ಕುಳಿತು ಕಂಡದ್ದನ್ನು ಹೇಳುತ್ತೇನೆ.

2025ರ ಆರಂಭದಲ್ಲಿ ಕಿಲೊಗೆ 90 ಸಾವಿರದ ಆಸುಪಾಸಿನಲ್ಲಿದ್ದ ಬೆಳ್ಳಿ ಅದೇ ಡಿಸೆಂಬರ್‌ನಲ್ಲಿ 2 ಲಕ್ಷವನ್ನು ದಾಟಿತು. ಸೌರಫಲಕಗಳಿಗೂ ವಿದ್ಯುನ್ಮಾನ ಉಪಕರಣಗಳಿಗೂ ಬೆಳ್ಳಿ ಬೇಕು. ಗಣಿಗಳಲ್ಲಿ ಅದು ಬಹುಮಟ್ಟಿಗೆ ಸತು, ಸೀಸ, ತಾಮ್ರಗಳ ಜೊತೆಗೆ ಉಪ ಉತ್ಪನ್ನವಾಗಿ ಬರುವುದರಿಂದ ದರ ಏರಿತೆಂದು ಕೂಡಲೇ ಹೆಚ್ಚು ತೆಗೆಯಲಾಗುವುದಿಲ್ಲ. ನಮ್ಮ ದೇಶವಂತೂ ತನಗೆ ಬೇಕಾದ ಬೆಳ್ಳಿಯಲ್ಲಿ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಆದ್ದರಿಂದ ಡಾಲರಿನ ಎದುರು ರೂಪಾಯಿ ಕುಸಿದಾಗಲೂ ಇಲ್ಲಿ ದರ ಏರುತ್ತದೆ. ಹಾಗೆಂದು ಬೆಳ್ಳಿ ಏರುತ್ತಲೇ ಹೋಗುವ ಲೋಹವಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಹೋಗಿದ್ದ ದರ ಮಾರ್ಚ್ ಕೊನೆಯಲ್ಲಿ 11 ಡಾಲರಿಗೆ ಬಿದ್ದಿತ್ತು. 2011ರ ಏಪ್ರಿಲ್‌ನಲ್ಲಿ ಮತ್ತೆ ಅದೇ ಎತ್ತರದ ಸಮೀಪಕ್ಕೆ ಹೋಗಿ ಮೇ ತಿಂಗಳಲ್ಲಿ ಕುಸಿಯಿತು. ಮುಂದಿನ ದರವನ್ನು ಊಹಿಸಿ ಮದುವೆಯ ಖರ್ಚನ್ನು ನಿರ್ಧರಿಸಬೇಡಿ.

ನಿಮ್ಮ ಹಣ ನಿಜವಾಗಿ ಸೋರುವುದು ದರದಲ್ಲಲ್ಲ, ಶುದ್ಧತೆಯಲ್ಲಿ. ನಮ್ಮ ಸೀಮೆಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು ಎಂದು ವಿಂಗಡಿಸಿ ಒಂದೊಂದಕ್ಕೂ ಬೇರೆ ದರ ಕೇಳುವ ಜನ ನಾವು. ಕೆಂಪುಗೋಟಿಗೆ ಯಾರೂ ರಾಶಿಯ ದರ ಕೊಡುವುದಿಲ್ಲ. ಅದೇ ಜನ ಪೇಟೆಗೆ ಹೋಗಿ ಗೆಜ್ಜೆ ಕೊಳ್ಳುವಾಗ, ಗ್ರಾಂಗೆ ಎಷ್ಟು ಎಂದಷ್ಟೇ ಕೇಳಿ ಮನೆಗೆ ಬರುತ್ತಾರೆ. ನೂರು ಗ್ರಾಂ ಗೆಜ್ಜೆಯ ಶುದ್ಧತೆ ನೂರಕ್ಕೆ 70 ಮಾತ್ರ ಇದ್ದು ನೀವು ಗಟ್ಟಿ ಬೆಳ್ಳಿಯ ದರವನ್ನೇ ಕೊಟ್ಟರೆ, 30 ಗ್ರಾಂ ತಾಮ್ರ ಮತ್ತು ಬೆಸುಗೆಗೆ ಬೆಳ್ಳಿಯ ಬೆಲೆ ತೆತ್ತಂತೆ. ಗ್ರಾಂಗೆ 90 ರೂಪಾಯಿ ಇದ್ದಾಗ ಆ ನಷ್ಟ 2,700 ರೂಪಾಯಿ. ಗ್ರಾಂಗೆ 200 ಆದಾಗ 6,000. ದರ ಏರಿದಷ್ಟೂ ಕೇಳದೆ ಬಿಟ್ಟ ಆ ಒಂದು ಪ್ರಶ್ನೆ ದುಬಾರಿಯಾಗುತ್ತದೆ.

ಯಲ್ಲಾಪುರದ ಕಡೆಯ ತಾಯಿಯೊಬ್ಬರು ದೂರದ ಪೇಟೆಯ ಅಂಗಡಿಯಿಂದ ಕೊಂಡಿದ್ದ 160 ಗ್ರಾಂ ಗೆಜ್ಜೆಯನ್ನು, ಬೆಲೆ ಬಂದಿದೆ ಮೊಮ್ಮಗಳಿಗೆ ಹೊಸತು ಮಾಡಿಕೊಡಿ ಎಂದು ನನ್ನಲ್ಲಿಗೆ ತಂದಿದ್ದರು. ಅವರ ಎದುರಿಗೇ ಕರಗಿಸಿ ಪರೀಕ್ಷಿಸಿದಾಗ ಶುದ್ಧ ಬೆಳ್ಳಿ 104 ಗ್ರಾಂ ಮಾತ್ರ ಇತ್ತು. ಅವರು ಏನೂ ಹೇಳದೆ ಬಹಳ ಹೊತ್ತು ಆ ಗಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಆ ದಿನದಿಂದ ಶುದ್ಧತೆಯನ್ನು ಬರೆಯದೆ ಯಾರಿಗೂ ಚೀಟಿ ಕೊಡಬಾರದೆಂದು ನಿಶ್ಚಯಿಸಿದೆ.

ಈಗ ನಿಮಗೊಂದು ಆಸರೆ ಇದೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕಿನಲ್ಲಿಯೂ ಚಿನ್ನದಂತೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಬಂದಿದ್ದು, ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರಿಶೀಲಿಸಬಹುದು. ಚಿನ್ನಕ್ಕೆ ಕಡ್ಡಾಯವಾಗಿರುವ ಈ ಮುದ್ರೆಯನ್ನು ಬೆಳ್ಳಿಗೆ ಐಚ್ಛಿಕವಾಗಿ ಜಾರಿಗೆ ತಂದದ್ದರಿಂದ ನೀವೇ ಕೇಳಿ ಪಡೆಯಬೇಕು. 925 ಎಂದಿದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಎಂದರ್ಥ. 800, 835 ಎಂಬ ದರ್ಜೆಗಳೂ ಇವೆ, ಅವು ಮೋಸವಲ್ಲ, ಅವುಗಳ ದರ ಅವಕ್ಕೆ ತಕ್ಕಂತೆ ಇರಬೇಕು ಅಷ್ಟೆ. ಇಲ್ಲಿ ಇನ್ನೊಂದು ಮಾತು: ಕರಾವಳಿಯ ತೇವದ ಗಾಳಿಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಒಳ್ಳೆಯ ಬೆಳ್ಳಿಯೂ ಕಪ್ಪಾಗುವುದರಿಂದ, ಕಪ್ಪಾಯಿತೆಂದು ಅದನ್ನು ಕಳಪೆಯೆಂದು ಭಾವಿಸಿ ಕಡಿಮೆ ಬೆಲೆಗೆ ಕೊಟ್ಟುಬಿಡಬೇಡಿ.

ಮಾಡುವವರ ಸ್ಥಿತಿಯನ್ನೂ ಕೇಳಿದ್ದೀರಿ, ಅದಕ್ಕೆ ಕೃತಜ್ಞ. ದರ ಏರಿದರೆ ಅಕ್ಕಸಾಲಿಗರು ಶ್ರೀಮಂತರಾಗುತ್ತಾರೆ ಎಂಬ ನಂಬಿಕೆ ತಪ್ಪು. ಐದು ಕಿಲೊ ಬೆಳ್ಳಿಯನ್ನು ಕೆಲಸದಲ್ಲಿ ಇಟ್ಟುಕೊಳ್ಳಲು 2025ರ ಆರಂಭದಲ್ಲಿ ನಾಲ್ಕೂವರೆ ಲಕ್ಷ ಸಾಕಿತ್ತು, ಅದೇ ಡಿಸೆಂಬರ್‌ನಲ್ಲಿ ಹತ್ತು ಲಕ್ಷ ಬೇಕಾಯಿತು. ಮಾಡುವ ಕೆಲಸ ಅದೇ, ಸಿಗುವ ಮಜೂರಿಯೂ ಹೆಚ್ಚುಕಡಿಮೆ ಅದೇ. 2025ರ ದೀಪಾವಳಿಗೆ ಮೊದಲು, ಹಣ ಕೊಟ್ಟರೂ ಗಟ್ಟಿ ಬೆಳ್ಳಿ ಸುಲಭವಾಗಿ ಸಿಗದಿದ್ದ ದಿನಗಳಲ್ಲಿ, ಹಳೆಯ ದರಕ್ಕೆ ಒಪ್ಪಿಕೊಂಡಿದ್ದ ಒಂದು ದೇವರ ಕವಚವನ್ನು ನಾನು ಕೈಯಿಂದ ಹಣ ಹಾಕಿ ಮುಗಿಸಿಕೊಟ್ಟೆ. ಅರ ಹಾಕಿದ ಪುಡಿಯನ್ನು ಸಂಜೆ ನೆಲ ಗುಡಿಸಿ ಕೂಡಿಡುವುದು ಹಿಂದಿನಿಂದಲೂ ಇದ್ದ ಪದ್ಧತಿ. ಈಗ ಆ ಧೂಳನ್ನು ಅಳೆದೇ ಇಡುತ್ತೇವೆ. ಆದರೆ ಒಂದನ್ನು ನನ್ನ ವೃತ್ತಿಯವರಿಗೆ ವಿರುದ್ಧವಾಗಿಯಾದರೂ ಹೇಳಬೇಕು: ಮಜೂರಿಯನ್ನು ಬೆಳ್ಳಿಯ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಕೇಳಿದರೆ ಒಪ್ಪಬೇಡಿ. ನೂರಕ್ಕೆ ಹತ್ತರಂತೆ ನೂರು ಗ್ರಾಂಗೆ 900 ಇದ್ದ ಮಜೂರಿ ಕೈಕೆಲಸ ಎಳ್ಳಷ್ಟೂ ಹೆಚ್ಚದೆ 2,000 ಆಗುತ್ತದೆ. ಗ್ರಾಂಗೆ ಇಷ್ಟು ಅಥವಾ ಜೋಡಿಗೆ ಇಷ್ಟು ಎಂದು ಮಾತಾಡಿಕೊಳ್ಳಿ, ತೇಮಾನನ್ನು, ಅಂದರೆ ಕೆಲಸದಲ್ಲಿ ಸವೆದುಹೋಗುವ ಬೆಳ್ಳಿಯ ಲೆಕ್ಕವನ್ನು, ಬೇರೆಯಾಗಿ ಬರೆಸಿಕೊಳ್ಳಿ. ಸಿದ್ಧ ಆಭರಣಕ್ಕೆ ಜಿಎಸ್‌ಟಿ ನೂರಕ್ಕೆ 3. ನಿಮ್ಮದೇ ಬೆಳ್ಳಿ ಕೊಟ್ಟು ನೋಂದಾಯಿತ ಕೆಲಸಗಾರರಿಂದ ಮಾಡಿಸಿದರೆ ಮಜೂರಿಯ ಮೇಲೆ ಮಾತ್ರ ನೂರಕ್ಕೆ 5.

ನಿಮ್ಮ ವಿಷಯಕ್ಕೆ ಬಂದರೆ, ಹತ್ತು ಹನ್ನೆರಡು ಗ್ರಾಂ ತೂಗುವ ಕಾಲುಂಗುರಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ; ಹಾಲ್‌ಮಾರ್ಕ್ ನೋಡಿ ಈಗಲೇ ಕೊಳ್ಳಿ. ಗೆಜ್ಜೆಯ ತೂಕವನ್ನು ಇಳಿಸಿ, ಶುದ್ಧತೆಯನ್ನು ಇಳಿಸಬೇಡಿ. ಮುರಿದ ಸರಪಳಿ, ತುಂಡಾದ ಉಡಿದಾರ, ಒಂಟಿ ಗೆಜ್ಜೆಗಳನ್ನು ಕರಗಿಸಿ ಹೊಸ ಗೆಜ್ಜೆ ಮಾಡಿಸಬಹುದು, ಆದರೆ ತೂಗುವುದು, ಕರಗಿಸುವುದು, ಮತ್ತೆ ತೂಗುವುದು ಮೂರೂ ನಿಮ್ಮ ಕಣ್ಣೆದುರಿಗೇ ನಡೆಯಬೇಕು.

ಹರಿವಾಣವನ್ನು ಹೊಸದಾಗಿ ಕೊಳ್ಳಲೇಬೇಡಿ. ಕಿಲೊಗೆ 2 ಲಕ್ಷದ ಲೆಕ್ಕ ಹಿಡಿದರೂ ಅರ್ಧ ಕಿಲೊದ ಹರಿವಾಣಕ್ಕೆ ಬೆಳ್ಳಿಯೇ ಒಂದು ಲಕ್ಷದ್ದಾಗುತ್ತದೆ. ನಿಮ್ಮ ಅತ್ತೆಯವರ ಕಾಲದ್ದು ಮನೆಯಲ್ಲಿದೆ ಎಂದು ನೀವೇ ಬರೆದಿದ್ದೀರಿ. ಅದನ್ನು ಕರಗಿಸಲೂ ಬೇಡಿ. ಅಂಥ ಕೈತಟ್ಟಿನ ಕೆಲಸವನ್ನು ಇಂದು ಮಾಡಿಸಹೊರಟರೆ ಅಷ್ಟು ತಾಳ್ಮೆಯ ಕೈ ಸಿಗುವುದೇ ಕಷ್ಟ. ಹುಣಸೆಹಣ್ಣು, ಅಂಟವಾಳದಲ್ಲಿ ಮೃದುವಾಗಿ ತೊಳೆದು, ಅಂಚು ಸೊಟ್ಟಗಾಗಿದ್ದರೆ ತಟ್ಟಿಸಿ, ಮಗಳ ಕೈಗೆ ಅದನ್ನೇ ಕೊಡಿ. ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬರುವುದಾದರೆ ಜೊತೆಗೆ ತನ್ನಿ, ಅಂಚು ನಾನೇ ತಟ್ಟಿಕೊಡುತ್ತೇನೆ.